ಆಲ್ಕಲಾಯ್ಡ್, ಕೂಮರಿನ್ ಎಂದರೇನು? ಇವುಗಳಿಂದ ನಿಜಕ್ಕೂ ಔಷಧ ತಯಾರಾಗುತ್ತದೆಯೇ?

ತಯಾರಾಗುತ್ತದೆ. ಆಲ್ಕಲಾಯ್ಡ್‌ಗಳು ಸಾರಜನಕವಿರುವ ಸಸ್ಯಜನ್ಯ ರಾಸಾಯನಿಕಗಳು, ಬಹುಪಾಲು ಕಹಿ. ಸಿಂಕೋನಾ ತೊಗಟೆಯ ಕ್ವಿನೈನ್ ಮಲೇರಿಯಾಕ್ಕೆ, ಗಸಗಸೆ ಗಿಡದ ಮಾರ್ಫಿನ್ ನೋವಿಗೆ, ಸರ್ಪಗಂಧದ ಬೇರಿನ ರಿಸರ್ಪಿನ್ ರಕ್ತದೊತ್ತಡಕ್ಕೆ ಬಳಕೆಗೆ ಬಂದವು. ಅಂಗಳದ ನಿತ್ಯಪುಷ್ಪದಲ್ಲಿರುವ ವಿನ್‌ಕ್ರಿಸ್ಟಿನ್ ಜೀವಕೋಶಗಳು ವಿಭಜನೆಯಾಗುವುದನ್ನು ತಡೆಯುತ್ತದೆ. ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಅದನ್ನು ಕೊಡುತ್ತಾರೆ. ಹಾಗೆಂದು ಎಲೆ ಜಗಿಯಲು ಹೋಗಬೇಡಿ, ಅದು ವಿಷ.

ಕೂಮರಿನ್ ಕಥೆ ಇನ್ನೂ ಸ್ವಾರಸ್ಯಕರ. ಇದೂ ಸಸ್ಯಜನ್ಯ ರಾಸಾಯನಿಕವೇ, ಆದರೆ ಇದರಲ್ಲಿ ಸಾರಜನಕವಿಲ್ಲ; ಆಗತಾನೆ ಕೊಯ್ದು ಒಣಗಿಸಿದ ಹುಲ್ಲಿನ ಹಿತವಾದ ಪರಿಮಳ ಇದರದ್ದು. 1920ರ ದಶಕದಲ್ಲಿ ಕೆನಡಾ, ಅಮೆರಿಕಗಳಲ್ಲಿ ಕೊಂಬು ಕತ್ತರಿಸಿದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ಅವು ತಿಂದಿದ್ದ ಸ್ವೀಟ್ ಕ್ಲೋವರ್ ಮೇವಿಗೆ ಬೂಷ್ಟು ಹಿಡಿದಿತ್ತು. ಆ ಬೂಷ್ಟೇ ಮೇವಿನಲ್ಲಿದ್ದ ಕೂಮರಿನ್ನನ್ನು ರಕ್ತ ಹೆಪ್ಪುಗಟ್ಟಲು ಬಿಡದ ಡೈಕೂಮರಾಲ್ ಆಗಿ ಮಾರ್ಪಡಿಸಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ತಂಡ ಅದನ್ನು ಬೇರ್ಪಡಿಸಿತು. ಅದೇ ಜಾಡಿನಲ್ಲಿ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು! ವಿಟಮಿನ್ ಕೆ ದೇಹದಲ್ಲಿ ಮರುಬಳಕೆಯಾಗದಂತೆ ಮಾಡಿ ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚು. ಕೃತಕ ಹೃದಯ ಕವಾಟವಿದ್ದು ವಾರ್ಫರಿನ್ ಸೇವಿಸುವವರಿಗೆ ವೈದ್ಯರು 'ಸೊಪ್ಪು ತಿನ್ನಿ, ಆದರೆ ಪ್ರಮಾಣ ದಿಢೀರ್ ಬದಲಿಸಬೇಡಿ' ಎನ್ನುವುದು ಇದಕ್ಕೇ.

ಬಾವಂಚಿ ಬೀಜದ ಸೋರಾಲೆನ್ ಕೂಡ ಇದೇ ಬಳಗದ್ದು. ತೊನ್ನಿನ ಚಿಕಿತ್ಸೆಯಲ್ಲಿ ಅತಿನೇರಳೆ ಬೆಳಕಿನೊಂದಿಗೆ ಬಳಸುತ್ತಾರೆ.

ದಾಲ್ಚಿನ್ನಿಯ ಕೂಮರಿನ್ ರಕ್ತ ತೆಳುವಾಗಿಸುತ್ತದೆ ಎಂಬ ವಾಟ್ಸ್ಆ್ಯಪ್ ಸಲಹೆ ಮಾತ್ರ ತಪ್ಪು. ಬರೀ ಕೂಮರಿನ್‌ಗೆ ಆ ಗುಣವಿಲ್ಲ. ಅತಿಯಾದರೆ ಯಕೃತ್ತಿಗೆ ಹಾನಿ.