ಹಳೇ ಲೆನ್ಸನ್ನ ಬೈಯೋ ಮುಂಚೆ ಅಡಾಪ್ಟರ್ ನೋಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಪ್ಪನ ಫಿಲ್ಮ್ ಕ್ಯಾಮೆರಾದ ಎಂ42 ಮೌಂಟಿನ (ತಿರುಪಿ ಕೂರಿಸೋ ಹಳೇ ಥರದ್ದು) 50 ಎಂಎಂ ಲೆನ್ಸ್ ಮನೇಲಿತ್ತು, ಎರಡರ ನಡುವೆ ಕೂರೋ ಅಡಾಪ್ಟರ್ ಉಂಗುರ ತರಿಸಿ ಸೋನಿ ಮಿರರ್‌ಲೆಸ್‌ಗೆ ಹಾಕ್ದೆ. ಮುಖ, ಹೂವು ಎಲ್ಲ ಸಖತ್ತಾಗಿ ಬರತ್ತೆ, ಆದ್ರೆ ದೂರದ ಬೆಟ್ಟ ಮಾತ್ರ ಎಷ್ಟು ತಿರುಗಿಸಿದ್ರೂ ಶಾರ್ಪ್ ಆಗಲ್ಲ. ಲೆನ್ಸ್ ಹಾಳಾಗಿದ್ಯಾ?

ಉತ್ತರ: ಹತ್ತಿರದ್ದು ಚೆನ್ನಾಗಿ ಬರ್ತಿದೆ ಅಂದ್ರೆ ಲೆನ್ಸ್ ಬಹುಪಾಲು ಸರಿಯಾಗೇ ಇದೆ, ನನಗೆ ಅನುಮಾನ ಇರೋದು ಅಡಾಪ್ಟರ್ ಮೇಲೆ. ಪ್ರತಿ ಮೌಂಟಿಗೂ ಲೆನ್ಸ್ ಕೂರೋ ಜಾಗದಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗೆ ಇಷ್ಟೇ ದೂರ ಅಂತ ಒಂದು ಲೆಕ್ಕ ಇರತ್ತೆ. ಎಂ42ಕ್ಕೆ ಅದು 45.46 ಎಂಎಂ, ಸೋನಿ ಇ ಮೌಂಟಿಗೆ 18 ಎಂಎಂ. ಒಳಗೆ ಕನ್ನಡಿ ಇಲ್ದೇ ಇರೋದ್ರಿಂದಲೇ ಹೊಸ ಬಾಡಿಗಳಲ್ಲಿ ಈ ದೂರ ಇಷ್ಟು ಕಮ್ಮಿ ಆಗಿರೋದು, ಹಳೇ ಲೆನ್ಸ್‌ಗಳಿಗೆ ಈಗ ಮತ್ತೆ ಜೀವ ಬಂದಿರೋದಕ್ಕೂ ಅದೇ ಕಾರಣ. ಹಾಗಾಗಿ ನಿಮ್ಮ ಅಡಾಪ್ಟರ್ ಸರಿಯಾಗಿ 27.46 ಎಂಎಂ ದಪ್ಪ ಇರ್ಬೇಕು.

ಅದು 0.1 ಎಂಎಂ ಜಾಸ್ತಿ ದಪ್ಪ ಇದ್ರೆ ಏನಾಗತ್ತೆ ನೋಡಿ. 50 ಎಂಎಂ ಲೆನ್ಸಿನ ಫೋಕಸ್ ರಿಂಗನ್ನ ಇನ್ಫಿನಿಟಿವರೆಗೂ (ಅತಿ ದೂರದ ಗುರುತಿನವರೆಗೂ) ತಿರುಗಿಸಿದ್ರೂ ಫೋಕಸ್ ಸುಮಾರು 25 ಮೀಟರ್ ಹತ್ರ ನಿಂತುಬಿಡತ್ತೆ, ಅದರಾಚೆ ಇರೋ ಮರ, ಕಟ್ಟಡ, ಬೆಟ್ಟ ಎಲ್ಲ ಮಸುಕು. 28 ಎಂಎಂ ಲೆನ್ಸಾದ್ರೆ ಇನ್ನೂ ಕಷ್ಟ, 8 ಮೀಟರ್ ಒಳಗೇ ಮುಗಿದುಹೋಗತ್ತೆ. ಅದೇ ಅಡಾಪ್ಟರಿಗೆ 135 ಎಂಎಂ ಹಾಕಿದ್ರೆ 180 ಮೀಟರ್‌ವರೆಗೂ ಹೋಗತ್ತೆ, ಹಾಗಾಗಿ ಒಬ್ರು ಅಡಾಪ್ಟರ್ ಸೂಪರ್ ಅಂತಾರೆ ಇನ್ನೊಬ್ರು ದಂಡ ಅಂತಾರೆ, ಇಬ್ರೂ ಹೇಳ್ತಿರೋದು ನಿಜಾನೇ.

ನೀವು ಮಾಡ್ಬೇಕಾದ್ದು ಇಷ್ಟು. ಅಪರ್ಚರ್ (ಬೆಳಕು ಒಳಗೆ ಬಿಡೋ ರಂಧ್ರ) ಪೂರ್ತಿ ತೆರೆದು, ಕ್ಯಾಮೆರಾನ ಟ್ರೈಪಾಡ್ ಮೇಲಿಟ್ಟು, ರಾತ್ರಿ ತುಂಬಾ ದೂರದ ಒಂದು ದೀಪಾನೋ ನಕ್ಷತ್ರಾನೋ ಸ್ಕ್ರೀನಲ್ಲಿ ದೊಡ್ಡದು ಮಾಡಿ ನೋಡ್ತಾ ರಿಂಗ್ ತಿರುಗಿಸಿ. ಎಫ್ 8ರಲ್ಲಿ, ಅಂದ್ರೆ ರಂಧ್ರ ಚಿಕ್ಕದು ಮಾಡಿ ನೋಡ್ಬೇಡಿ, ಅಲ್ಲಿ ಈ ತಪ್ಪು ಮುಚ್ಚಿಹೋಗತ್ತೆ. ರಿಂಗ್ ಕೊನೆ ಮುಟ್ಟಿದ್ರೂ ಚುಕ್ಕಿ ಇನ್ನೂ ಚಿಕ್ಕದಾಗ್ತಾನೇ ಇತ್ತು ಅಂದ್ರೆ ಫೋಕಸ್ ಅಲ್ಲಿವರೆಗೆ ತಲುಪಿಲ್ಲ ಅಂತ ಅರ್ಥ. ಆಮೇಲೆ ಅಡಾಪ್ಟರನ್ನ ವರ್ನಿಯರ್ ಕ್ಯಾಲಿಪರಲ್ಲಿ ನಾಲ್ಕು ಕಡೆ ಅಳೀರಿ. ನಾಲ್ಕೂ ಕಡೆ ಒಂದೇ ಅಳತೆ ಬರ್ಬೇಕು, ಒಂದು ಕಡೆ ಜಾಸ್ತಿ ಇದ್ರೆ ಲೆನ್ಸ್ ಓರೆ ಕೂತು ಫೋಟೋದ ಎಡಗಡೆ ಶಾರ್ಪ್ ಬಲಗಡೆ ಮಸುಕು ಬರತ್ತೆ, ಬೈಗುಳ ಮಾತ್ರ ಪಾಪ ಲೆನ್ಸಿಗೆ. ಅಳತೆ ಎಲ್ಲಾ ಸರಿ ಇದ್ರೆ ಆಗ ಲೆನ್ಸ್ ಕಡೆ ನೋಡಿ, ಹಿಂದೆ ಯಾರೋ ಬಿಚ್ಚಿ ಗ್ರೀಸ್ ಹಾಕಿ ಇನ್ಫಿನಿಟಿ ಸ್ಟಾಪನ್ನ ತಪ್ಪಾಗಿ ಕೂರಿಸಿರಬಹುದು.

ಕೆಲವು ತಯಾರಕರು ಬೇಕಂತಲೇ ಅಡಾಪ್ಟರನ್ನ ಕೂದಲೆಳೆ ತೆಳು ಮಾಡ್ತಾರೆ, ಆಗ ಇನ್ಫಿನಿಟಿ ಗುರುತಿಗಿಂತ ಸ್ವಲ್ಪ ಮುಂಚೇನೇ ದೂರದ್ದು ಶಾರ್ಪ್ ಆಗತ್ತೆ. ಅದರಿಂದ ದೊಡ್ಡ ತೊಂದರೆ ಇಲ್ಲ, ಲೆನ್ಸ್ ಮೇಲಿನ ಮೀಟರ್ ಅಂಕಿಗಳನ್ನ ನಂಬಂಗಿಲ್ಲ ಅಷ್ಟೇ.

ಪ್ರಶ್ನೆ: ಹೀಲಿಯೋಸ್ 44-2 ಅನ್ನೋ ಸೋವಿಯತ್ ಕಾಲದ 58 ಎಂಎಂ ಲೆನ್ಸ್ ತಗೊಂಡೆ. ಕ್ಯಾಮೆರಾಗೆ ಹಾಕಿದ್ರೆ ಶಟರ್ರೇ ಬೀಳಲ್ಲ, ಸ್ಕ್ರೀನಲ್ಲಿ ಎಫ್ ಮುಂದೆ ಬರೀ ಗೆರೆ. ಲೆನ್ಸಲ್ಲಿ ಎರಡು ಅಪರ್ಚರ್ ರಿಂಗ್ ಬೇರೆ ಇದೆ, ಯಾವ್ದು ಯಾಕೆ?

ಉತ್ತರ: ಕ್ಯಾಮೆರಾಗೆ ಮುಂದೆ ಲೆನ್ಸ್ ಇದೆ ಅಂತಲೇ ಗೊತ್ತಿಲ್ಲ, ಮೆನುವಿನಲ್ಲಿ ಲೆನ್ಸ್ ಇಲ್ದೇನೂ ಶಟರ್ ಬಿಡೋ ಆಪ್ಷನ್ ಇರತ್ತೆ, ಆನ್ ಮಾಡಿ. ಎಫ್ ನಂಬರ್ ಕಾಣದೇ ಇರೋದು ತಪ್ಪಲ್ಲ, ಅಪರ್ಚರ್ ಪ್ರಯಾರಿಟಿ ಮೋಡಲ್ಲಿಡಿ, ಒಳಗೆ ಬರೋ ಬೆಳಕು ನೋಡಿ ಶಟರ್ ಸ್ಪೀಡನ್ನ ಅದೇ ಲೆಕ್ಕ ಹಾಕ್ಕೊಳ್ಳತ್ತೆ.

ಎರಡು ರಿಂಗ್ ವಿಷಯಕ್ಕೆ ಬಂದ್ರೆ, ಒಂದು ರಿಂಗ್ ಎಲ್ಲಿವರೆಗೆ ಮುಚ್ಬೇಕು ಅನ್ನೋದನ್ನ ನಿಗದಿ ಮಾಡತ್ತೆ, ಇನ್ನೊಂದು ಪೂರ್ತಿ ತೆರೆದಿದ್ದರಿಂದ ಅಲ್ಲಿವರೆಗೆ ಕ್ಲಿಕ್ ಇಲ್ದೆ ನುಣ್ಣಗೆ ತಿರುಗತ್ತೆ. ಮೊದಲನೇದನ್ನ ಎಫ್ 4ಕ್ಕೆ ಇಟ್ಕೊಳ್ಳಿ, ಎರಡನೇದನ್ನ ತೆರೆದು ಫೋಕಸ್ ಮಾಡಿ, ಆಮೇಲೆ ಕಣ್ಣು ತೆಗೀದೇನೇ ಅದನ್ನ ತಡೆಯೋವರೆಗೂ ತಿರುಗಿಸಿ ಹೊಡೀರಿ. ಇಷ್ಟು ಚೆಂದದ ವ್ಯವಸ್ಥೆ ಇವತ್ತಿನ ಲೆನ್ಸಲ್ಲಿ ಸಿಗೋದು ಅಪರೂಪ, ವಿಡಿಯೋ ಮಾಡೋರಿಗಂತೂ ಹಬ್ಬ.

ಬಾಡಿಯಲ್ಲಿ ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸೋಕೆ ಸೆನ್ಸರನ್ನ ಅಲ್ಲಾಡಿಸೋ ವ್ಯವಸ್ಥೆ) ಇದ್ರೆ ಫೋಕಲ್ ಲೆಂತ್ ಕೈಯಾರೆ 58 ಅಂತ ಹಾಕಿ. ನಿಮ್ಮದು ಎಪಿಎಸ್-ಸಿ (ಫಿಲ್ಮ್ ಫ್ರೇಮಿಗಿಂತ ಚಿಕ್ಕ) ಸೆನ್ಸರ್ ಆದ್ರೂ 58ಏ ಹಾಕಿ, 1.5ರಿಂದ ಗುಣಿಸಿ 87 ಹಾಕಿದ್ರೆ ಸೆನ್ಸರ್ ಬೇಕಾದ್ದಕ್ಕಿಂತ ಜಾಸ್ತಿ ಅಲ್ಲಾಡಿ ಫೋಟೋ ಕೆಡತ್ತೆ. ಅಂದ್ಹಾಗೆ ಹೀಲಿಯೋಸಿನ ಹೆಸರುವಾಸಿ ಸುಳಿಸುಳಿ ಹಿನ್ನೆಲೆ ಫ್ರೇಮಿನ ಅಂಚಿನಲ್ಲಿ ಜಾಸ್ತಿ, ಚಿಕ್ಕ ಸೆನ್ಸರಲ್ಲಿ ಅಂಚು ಕಟ್ ಆಗೋದ್ರಿಂದ ಅದು ಅರ್ಧಂಬರ್ಧ ಕಾಣತ್ತೆ, ಬೇಜಾರಾಗ್ಬೇಡಿ.

ಪ್ರಶ್ನೆ: ಎದುರಿಂದ ಬೆಳಕು ಬಂದ್ರೆ ಫೋಟೋ ಪೂರ್ತಿ ಬಿಳಿಚಿಕೊಳ್ಳತ್ತೆ, ನಡುವೆ ಒಂದು ಬೆಳ್ಳಗಿನ ಪ್ಯಾಚ್. ಲೆನ್ಸಲ್ಲಿ ಫಂಗಸ್ ಇರಬಹುದಾ?

ಉತ್ತರ: ಇರಬಹುದು, ನೋಡೋದು ಸುಲಭ. ಅಪರ್ಚರ್ ತೆರೆದು ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ. ಜೇಡರ ಬಲೆ ಥರ ಎಳೆಎಳೆಯಾಗಿ ಕಂಡ್ರೆ ಫಂಗಸ್, ಗಾಜೆಲ್ಲ ಸಮನಾಗಿ ಹಾಲುಬಿಳಿ ಕಂಡ್ರೆ ಹೇಜ್. ಎರಡೂ ಇಲ್ಲ ಅಂದ್ರೆ ಮತ್ತೆ ಅಡಾಪ್ಟರೇ! ಅದರ ಒಳಗೋಡೆ ನೋಡಿ, ಕಪ್ಪು ಬಣ್ಣ ಇದ್ರೂ ಪಳಪಳ ಹೊಳೀತಿದ್ರೆ ಬೆಳಕು ಅಲ್ಲಿ ಬಡಿದು ಸೆನ್ಸರಿಗೆ ಹೋಗತ್ತೆ. ಒಳಗೆ ಕಪ್ಪು ವೆಲ್ವೆಟ್ಟಿನಂಥ ಅಂಟುಪಟ್ಟಿ ಅಂಟಿಸಿ ನೋಡಿ, ನೂಲು ಉದುರದೇ ಇರೋದನ್ನ ಆರಿಸಿ, ಲೆನ್ಸ್ ಹುಡ್ ಕೂಡ ಹಾಕಿ.

ಪ್ರಶ್ನೆ: ನನ್ನ ಟಾಕುಮಾರ್ (ಪೆಂಟ್ಯಾಕ್ಸಿನ ಹಳೇ ಲೆನ್ಸ್) 50 ಎಂಎಂ ಎಫ್ 1.4 ಟೀ ಬಣ್ಣಕ್ಕೆ ತಿರುಗಿದೆ. ರೇಡಿಯೋಆಕ್ಟಿವ್ ಅಂತಾರೆ, ಎಸೀಬೇಕಾ?

ಉತ್ತರ: ಎಸೀಬೇಡಿ, ಅದು ಅದ್ಭುತವಾದ ಲೆನ್ಸ್. ಕೆಲವು ಆವೃತ್ತಿಗಳ ಗಾಜಿಗೆ ಥೋರಿಯಂ ಸೇರಿಸಿದ್ರು, ಬೆಳಕನ್ನ ಜಾಸ್ತಿ ಬಗ್ಗಿಸೋ ಗಾಜು ಬೇಕಿತ್ತು ಅನ್ನೋ ಕಾರಣಕ್ಕೆ, ವರ್ಷಾನುಗಟ್ಟಲೆ ಆ ವಿಕಿರಣದಿಂದಲೇ ಗಾಜು ಹಳದಿ ಆಗತ್ತೆ. ಕ್ಯಾಮೆರಾಗೆ ಹಾಕಿ ಫೋಟೋ ತೆಗೆಯೋದ್ರಿಂದ ಬರೋ ಡೋಸ್ ತುಂಬಾ ಕಮ್ಮಿ. ಗಾಜನ್ನ ಉಜ್ಜೋದು, ಒಡೆಯೋದು ಮಾತ್ರ ಮಾಡ್ಬೇಡಿ, ಕಣ್ಣಿಗೆ ಒತ್ತಿ ಹಿಡ್ಕೊಂಡು ನೋಡೋದೂ ಬೇಡ.

ಹಳದಿ ಹೋಗ್ಸೋಕೆ ಯುವಿ ದೀಪದ ಕೆಳಗೆ ಕೆಲವು ದಿನ ಇಡಿ, ನಿಧಾನಕ್ಕೆ ತಿಳಿಯಾಗತ್ತೆ, ಕಿಟಕಿ ಬಿಸಿಲಲ್ಲೂ ಆಗತ್ತೆ ಆದ್ರೆ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಮುಚ್ಚಿಡಿ, ತೆರೆದಿಟ್ರೆ ಲೆನ್ಸ್ ಬಿಸಿಲನ್ನ ಒಂದೇ ಕಡೆ ಸೇರಿಸಿ ಬೆಂಕಿ ಹತ್ತಿಸಬಹುದು. ಅಲ್ಲಿವರೆಗೆ ವೈಟ್ ಬ್ಯಾಲೆನ್ಸಲ್ಲಿ ಸರಿ ಮಾಡ್ಕೊಳ್ಳಿ.

ಪ್ರಶ್ನೆ: ರೇಂಜ್‌ಫೈಂಡರ್ (ಕನ್ನಡಿ ಇಲ್ಲದ ಹಳೇ ಫಿಲ್ಮ್) ಕ್ಯಾಮೆರಾದ 21 ಎಂಎಂ ವೈಡ್ ಲೆನ್ಸ್ ಹಾಕಿದ್ರೆ ಮೂಲೆಗಳು ಎಳೆದಂತೆ ಮಸುಕಾಗಿ, ಅಂಚಿನಲ್ಲಿ ನೇರಳೆ ಛಾಯೆ ಬರತ್ತೆ. ಇದೂ ಅಡಾಪ್ಟರ್ ದೋಷಾನಾ?

ಉತ್ತರ: ಇಲ್ಲಿ ಅಡಾಪ್ಟರಿನ ತಪ್ಪಿಲ್ಲ. ಹಳೇ ರೇಂಜ್‌ಫೈಂಡರ್ ವೈಡ್ ಲೆನ್ಸ್‌ಗಳ ಹಿಂದಿನ ಗಾಜು ಸೆನ್ಸರಿಗೆ ತೀರಾ ಹತ್ರ ಬರೋದ್ರಿಂದ ಮೂಲೆಗೆ ಬೆಳಕು ತುಂಬಾ ಓರೆಯಾಗಿ ಬೀಳತ್ತೆ, ಸೆನ್ಸರ್ ಮೇಲಿನ ಫಿಲ್ಟರ್ ಗಾಜು ಅದನ್ನ ಚದುರಿಸಿಬಿಡತ್ತೆ, ಫಿಲ್ಮ್ ಮುಂದೆ ಅಂಥ ಗಾಜು ಇರ್ಲಿಲ್ಲ. ಎಫ್ 8, ಎಫ್ 11ಕ್ಕೆ ಇಳಿಸಿದ್ರೆ ಸ್ವಲ್ಪ ಸುಧಾರಿಸತ್ತೆ, ನೇರಳೆ ಛಾಯೆನ ಎಡಿಟಿಂಗಲ್ಲಿ ತೆಗೀಬಹುದು. ಅದೇ ಬಾಡಿಗೆ ವೈಡ್ ಬೇಕೇ ಬೇಕು ಅಂದ್ರೆ ಎಸ್‌ಎಲ್‌ಆರ್‌ಗೆ (ಒಳಗೆ ಕನ್ನಡಿ ಇರೋ ಕ್ಯಾಮೆರಾಗೆ) ಮಾಡಿದ ಹಳೇ 24 ಅಥವಾ 28 ಎಂಎಂ ಹುಡುಕಿ, ಕನ್ನಡಿಗೆ ಜಾಗ ಬಿಡ್ಬೇಕಿದ್ರಿಂದ ಅವುಗಳ ಹಿಂದಿನ ಗಾಜು ದೂರದಲ್ಲೇ ಇರತ್ತೆ, ಮೂಲೆಗಳೂ ಇದಕ್ಕಿಂತ ಚೆನ್ನಾಗಿ ಬರತ್ತೆ.