ಗಡಿಯಾರದ ಒಳಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಟ್ಯೂಡರ್ ಕಂಪನಿಯ ಬ್ಲ್ಯಾಕ್ ಬೇ 58 ವಾಚು ಇಷ್ಟ. ಆದರೆ ತಾರೀಖು ಬೇಕು, ಜಿಎಂಟಿ ಮುಳ್ಳು (ಇನ್ನೊಂದು ದೇಶದ ಸಮಯ ತೋರುವ ಹೆಚ್ಚುವರಿ ಮುಳ್ಳು) ಬೇಡ. ಕಂಪನಿಯ ಸ್ವಂತ ಮೂವ್‌ಮೆಂಟ್ (ಒಳಗಿನ ಯಂತ್ರ) ಇದ್ದೇ, 12 ಮಿ.ಮೀ. ಆಸುಪಾಸಿನ ದಪ್ಪದಲ್ಲಿ ಅಂಥದ್ದು ಬರಬಹುದೇ? ಮಣಿಕಟ್ಟು 16 ಸೆಂ.ಮೀ.
— ಓದುಗರು, ಜಯನಗರ

ಉತ್ತರ: ಬರಬಹುದು, ಬರಲಿ ಎಂಬ ಆಸೆ ನಮಗೂ ಇದೆ. ಲೆಕ್ಕ ನೋಡಿ. 2016ರಲ್ಲಿ ಬ್ಲ್ಯಾಕ್ ಬೇ ಒಳಗೆ ಇಟಿಎ ಎಂಬ ಸ್ವಿಸ್ ಕಂಪನಿಯ ಮೂವ್‌ಮೆಂಟ್ ಹೋಗಿ ಟ್ಯೂಡರ್‌ನ ಸ್ವಂತ ಎಂಟಿ5602 ಕೂತಿತು. ಇಟಿಎ 2824ರ ದಪ್ಪ 4.6 ಮಿ.ಮೀ., ಇದರದು 6.5, ವಾಚು ಸುಮಾರು 14.8. 2018ರ 58ಕ್ಕೆ ಹಾಕಿದ ಎಂಟಿ5402 ಬರೀ 4.99, ವಾಚು 11.9ಕ್ಕೆ ಇಳಿಯಿತು. ಇಳಿದ 2.9ರಲ್ಲಿ ಮೂವ್‌ಮೆಂಟಿನ ಪಾಲು 1.5, ಮಿಕ್ಕಿದ್ದೆಲ್ಲ ಕೇಸು, ಗಾಜು, ಹಿಂಬದಿ ಮುಚ್ಚಳದಲ್ಲಿ ಉಳಿಸಿದ್ದು. ನೀರಿನ ತಾಳಿಕೆ ಮಾತ್ರ ಅದೇ 200 ಮೀಟರ್.

ತಾರೀಖಿನ ಚಕ್ರ ಡಯಲ್ ಕೆಳಗೆ ಒಂದು ಪದರ ಕೂಡಿಸುತ್ತದೆ, ಜಿಎಂಟಿ ಮುಳ್ಳು ಇನ್ನೊಂದಿಷ್ಟು ಎತ್ತರ ಕೇಳುತ್ತದೆ. ಎರಡೂ ಇರುವ 2024ರ 58 ಜಿಎಂಟಿ 12.8ರಲ್ಲೇ ನಿಂತಿದೆ. ಮುಳ್ಳೊಂದು ಕಳೆದರೆ ನಿಮ್ಮ ಆಸೆ ದೂರದ್ದಲ್ಲ. ಕಾಯುವುದಾದರೆ ಮೆಟಾಸ್ (ಸ್ವಿಸ್ ಮಾಪನ ಸಂಸ್ಥೆ) ಪರೀಕ್ಷೆ ಪಾಸಾದದ್ದಕ್ಕೇ ಕಾಯಿರಿ: ಮಾಮೂಲಿ ಕ್ರೋನೋಮೀಟರಿಗೆ (ನಿಖರತೆಯ ಪ್ರಮಾಣಪತ್ರ ಪಡೆದ ವಾಚಿಗೆ) ದಿನಕ್ಕೆ −4ರಿಂದ +6 ಸೆಕೆಂಡು ನಡೆಯುತ್ತದೆ, ಮೆಟಾಸ್‌ನಲ್ಲಿ 0ಯಿಂದ +5. ಮಣಿಕಟ್ಟಿನ ಸುತ್ತಳತೆ ಸಾಲದು. ಮೇಲಿನ ಚಪ್ಪಟೆ ಭಾಗಕ್ಕೆ ಸ್ಕೇಲಿಟ್ಟು ಅಳೆಯಿರಿ. 58ರ ಕೊಂಬಿನಿಂದ (ಪಟ್ಟಿ ಸಿಕ್ಕಿಸುವ ಚಾಚು) ಕೊಂಬಿಗೆ ಸುಮಾರು 48 ಮಿ.ಮೀ.; ಅದಕ್ಕಿಂತ ಕಡಿಮೆ ಬಂದರೆ ಕೊಂಬು ಹೊರಗೆ ಚಾಚುತ್ತದೆ.

ಪ್ರಶ್ನೆ: ಸ್ವಂತ ಮೂವ್‌ಮೆಂಟ್ ಎಂದರೆ ಮೇಲೇ? ಕೆಟ್ಟರೆ ಅವೆನ್ಯೂ ರಸ್ತೆಯಲ್ಲಿ ರಿಪೇರಿ ಆಗುತ್ತದೆಯೇ?
— ಓದುಗರು, ಮಲ್ಲೇಶ್ವರ

ಉತ್ತರ: ಎಚ್‌ಎಂಟಿ ಜನತಾ ಇದ್ದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 17 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಕಲ್ಲು), ದಿನಾ ಕೀ ಕೊಡಬೇಕು, ಗಂಟೆಗೆ 18,000 ಬಡಿತ. ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಲ್ಲೇ ಶುರುವಾದ ಕಾರ್ಖಾನೆಯ ಮೂವ್‌ಮೆಂಟ್ ಅದು. ಊರಿನ ಮೆಕ್ಯಾನಿಕ್‌ಗಳ ಕೈ ಅದಕ್ಕೆ ಪಳಗಿದೆ, ಹಳೆಯ ವಾಚಿನಿಂದ ಬಿಚ್ಚಿದ ಭಾಗವಾದರೂ ಸಿಗುತ್ತದೆ. ಇಟಿಎ 2824 ಕೂಡ ಹಾಗೆಯೇ. ಟ್ಯೂಡರ್‌ನ ಎಂಟಿ ಸರಣಿ ಹಾಗಲ್ಲ: ಬಿಡಿಭಾಗ ಹೊರಗಿನ ಅಂಗಡಿಗೆ ಸುಲಭಕ್ಕೆ ಸಿಗದು, ಸಿಲಿಕಾನ್ ಹೇರ್‌ಸ್ಪ್ರಿಂಗ್ (ಬಡಿತ ನಿಯಂತ್ರಿಸುವ ತೆಳು ಸುರುಳಿ) ಬಾಗಿಸಿ ಸರಿಮಾಡುವ ವಸ್ತುವಲ್ಲ, ಚಿಮಟ ತಾಗಿದರೆ ಮುರಿಯುತ್ತದೆ. ಅಧಿಕೃತ ಸರ್ವಿಸ್ ಬಿಟ್ಟು ಬೇರೆಡೆ ಬಿಚ್ಚಿಸಬೇಡಿ. ಹೊಸ ಮೂವ್‌ಮೆಂಟಿಗಿಂತ ಹೆಚ್ಚಾಗಿ, ನುರಿತ ಹೊರಗಿನವರಿಗೂ ಬಿಡಿಭಾಗ ಕೊಡಲಿ ಎಂಬುದೇ ನಮ್ಮ ದೊಡ್ಡ ಆಸೆ.

ಲಾಭವೂ ಕಣ್ಣಿಗೆ ಕಾಣುವಂಥದ್ದು. ಎಂಟಿ5402 ತುಂಬ ಕೀ ಇದ್ದರೆ 70 ಗಂಟೆ ಓಡುತ್ತದೆ: ಶುಕ್ರವಾರ ಸಂಜೆ 7ಕ್ಕೆ ಬಿಚ್ಚಿಟ್ಟರೂ ಸೋಮವಾರ 9ಕ್ಕೆ ಓಡುತ್ತಿರುತ್ತದೆ. 2824ರದು 38 ಗಂಟೆ, ಭಾನುವಾರ ಬೆಳಿಗ್ಗೆಯೇ ನಿಲ್ಲುತ್ತದೆ.

ಪ್ರಶ್ನೆ: ಸರಿಯಾಗಿದ್ದ 2824 ವಾಚು ಇದ್ದಕ್ಕಿದ್ದಂತೆ ದಿನಕ್ಕೆ 3 ನಿಮಿಷ ಮುಂದೆ ಓಡುತ್ತಿದೆ.
— ಓದುಗರು, ರಾಜಾಜಿನಗರ

ಉತ್ತರ: ಬಹುತೇಕ ಅಯಸ್ಕಾಂತ ಹಿಡಿದಿದೆ. ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗ್ ಗಿಡ್ಡವಾದಂತಾಗುತ್ತದೆ, ಬಡಿತ ವೇಗವಾಗುತ್ತದೆ. ಸ್ಪೀಕರ್, ಟ್ಯಾಬ್ ಕವರ್, ಬ್ಯಾಗಿನ ಅಯಸ್ಕಾಂತದ ಗುಂಡಿ, ಇವುಗಳ ಪಕ್ಕ ಇಟ್ಟಿದ್ದಿರಾ? ಮುಳ್ಳಿನ ದಿಕ್ಸೂಚಿಯ ಮೇಲೆ ವಾಚನ್ನು ಆಡಿಸಿ. ಮುಳ್ಳು ಜೋರಾಗಿ ಅಲುಗಿದರೆ ಅನುಮಾನ ಗಟ್ಟಿ. ಡಿಮ್ಯಾಗ್ನೆಟೈಸರ್ (ಅಯಸ್ಕಾಂತ ಬಿಡಿಸುವ ಸಾಧನ) ಮೇಲೆ ವಾಚಿಟ್ಟು ಗುಂಡಿ ಒತ್ತಿ, ಒತ್ತಿಕೊಂಡೇ ನಿಧಾನವಾಗಿ ಒಂದು ಮೊಳ ಮೇಲಕ್ಕೆತ್ತಿ, ಆಮೇಲೆ ಗುಂಡಿ ಬಿಡಿ. ಹತ್ತಿರವಿದ್ದಾಗಲೇ ಬಿಟ್ಟರೆ ಮತ್ತೆ ಅಯಸ್ಕಾಂತ ಹಿಡಿಯುತ್ತದೆ.