ಸ್ಟೆಂಟ್ ಆದ ಮೇಲಿನ ಹರಕೆ

ನಮಸ್ಕಾರ. ದೇವರು ದಿಂಡರು ಅಂದರೆ ನಗುತ್ತಿದ್ದ ನಿಮ್ಮ ತಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ (ಹೃದಯದ ರಕ್ತನಾಳ ಮುಚ್ಚದಂತೆ ಒಳಗಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡು ಬಂದಮೇಲೆ ದಿನವಿಡೀ ಪೂಜೆಗೆ ಕೂರುತ್ತಾರೆ, ತಾಳುಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಹರಕೆ ಹೊತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನಂಬಿಕೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನನಗೂ ಹಾರ್ಟ್ ಅಟ್ಯಾಕ್ ಆಗಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಕಾಗದ ಹೊರಬರುತ್ತಿದ್ದಂತೆ ನರ್ಸಮ್ಮನ ಮುಖವೇ ಬದಲಾಯಿತು. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಬಾಯಿಗೆ ಬಂದದ್ದು ಮನೆದೇವರ ಹೆಸರು. ಬದುಕಿಸಿದ್ದು ಇಂಜೆಕ್ಷನ್ನೋ ಮಾದಪ್ಪನೋ ಅಂತ ಮಗ ಇವತ್ತಿಗೂ ಕೆಣಕುತ್ತಾನೆ. ನನಗಂತೂ ಎರಡರ ನಡುವೆ ಜಗಳ ಕಂಡಿಲ್ಲ.

ನೀವು ಕಣ್ಣಿಡಬೇಕಾದ್ದು ಮಾತ್ರೆಯ ಡಬ್ಬಿಯ ಮೇಲೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು, ಅಂದರೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್, ಸಾಮಾನ್ಯವಾಗಿ 1 ವರ್ಷ ಇರುತ್ತವೆ. "ದೇವರು ನೋಡಿಕೊಳ್ತಾನೆ" ಅಂತ ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಉಪವಾಸದ ದಿನವೂ ತಪ್ಪಿಸಬಾರದು. ಸಕ್ಕರೆ ಕಾಯಿಲೆ ಇದ್ದರೆ ಉಪವಾಸಕ್ಕೆ ಮುಂಚೆಯೇ ಡಾಕ್ಟರನ್ನು ಕೇಳಿ.

ಬೆಟ್ಟ ಈಗಲೇ ಬೇಡ. ಊರಲ್ಲೇ ಸಮನೆಲದ ಮೇಲೆ ನಡೆಯಲಿ. ಹೃದಯ ತಜ್ಞರು ಪರೀಕ್ಷೆ ಮಾಡಿ ಒಪ್ಪಿದ ಮೇಲೆ ಹರಕೆ ತೀರಿಸಲಿ. ಅಲ್ಲಿಯವರೆಗೆ ದರ್ಶನಕ್ಕೆ ಬಸ್ಸಿದೆ, ಮಾದಪ್ಪ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು: ಪೂಜೆಯ ನೆಪದಲ್ಲಿ ಯಾರ ಜೊತೆಯೂ ಮಾತಾಡದೆ, ಊಟ ನಿದ್ದೆ ಬಿಟ್ಟು ಮಂಕಾಗಿದ್ದಾರಾ ಗಮನಿಸಿ. ಅಟ್ಯಾಕ್ ಆದವರಲ್ಲಿ ಖಿನ್ನತೆ ಅಪರೂಪವಲ್ಲ. ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರಿಗೆ ಅದನ್ನೂ ಹೇಳಿ.